ಸಾವಿನ ಸುದ್ದಿ ಇಂಗ್ಲಿಷಿನಲ್ಲಿ

ಸಂತೋಷ್ ಸರ್ ಅಪ್ಪ ಸತ್ತ ದಿನವೇ ನನ್ನ ಇಂಗ್ಲಿಷ್ ಪರೀಕ್ಷೆ ಇತ್ತು.

ಸತ್ತ ಎಂದೇ ಬರೆಯುತ್ತೇನೆ. ತೀರಿಕೊಂಡರು, ಶಿವನ ಪಾದ ಸೇರಿದರು ಎಂದೆಲ್ಲ ನಯವಾಗಿ ಹೇಳುವುದು ನಮ್ಮಪ್ಪನ ಕೆಲಸವಾಗಿತ್ತು. ಅಪ್ಪ ಅದನ್ನು ಊರೂರಿಗೆ ಹೇಳಿ ಹೇಳಿ ಕಾಲು ಸವೆಸಿದ. ನಾನು ಹೇಳುವುದಿಲ್ಲ.

ಅಪ್ಪನ ಹೆಸರು ಮಹದೇವು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಕೂತು, ಅರ್ಧ ದಾರಿಯಲ್ಲಿ ಇಳಿದು ಒಳಕ್ಕೆ ನಡೆದರೆ ನಮ್ಮೂರು. ಊರು ದಾಟಿದ ಮೇಲೆ ನಮ್ಮ ಕೇರಿ. ಅಪ್ಪ ಆ ಊರಿನ ಹೊನ್ನಯ್ಯನ ಮನೆಗೆ ಹಳೆಮಗ. ಹಳೆಮಗ ಎಂದರೆ ತಿಳಿಯದವರು ಈಗಲೂ ಇರಬಹುದು, ಪುಣ್ಯವಂತರು. ಆ ಮನೆಯಲ್ಲಿ ಯಾರಾದರೂ ಸತ್ತರೆ ನೆಂಟರ ಊರುಗಳಿಗೆ ಸುದ್ದಿ ಒಯ್ಯಬೇಕು. ವಾಪಸು ಬಂದು ಗುಂಡಿ ತೋಡಬೇಕು. ಹೆಣದ ಮುಂದೆ ತಮಟೆ ಬಡಿಯಬೇಕು. ನಮ್ಮ ತಾತ ದೊಡ್ಡಸಿದ್ದಯ್ಯ ಅದನ್ನೇ ಮಾಡಿ ಸತ್ತ. ಹೆಸರಿಗೆ ಮಗ. ಆಸ್ತಿಯಲ್ಲಿ ಪಾಲಿಲ್ಲ, ಹೊಸಲು ದಾಟುವ ಹಾಗಿಲ್ಲ. ಹಳೆಮಗ ಎಂದರೂ ಅಷ್ಟೇ, ಬಿಟ್ಟಿ ಆಳು ಎಂದರೂ ಅಷ್ಟೇ. ಅಳಿಯ ಅಲ್ಲ ಮಗಳ ಗಂಡ.

ಈಗ ಎಲ್ಲರ ಕೈಯಲ್ಲೂ ಫೋನಿದೆಯಲ್ಲ ಎಂದು ಮಂಡ್ಯದ ಗೆಳತಿಯರು ಕೇಳುತ್ತಾರೆ. ಇದೆ. ಸತ್ತವರ ಫೋಟೋಗೆ ಹಾರ ಹಾಕಿ ಸ್ಟೇಟಸ್ಸೂ ಇಡುತ್ತಾರೆ. ಆದರೆ ಹೊನ್ನಯ್ಯನ ಬಳಗದಲ್ಲಿ ಫೋನು ಬಂದರೆ ಅದು ಸುದ್ದಿಯಲ್ಲ. ಆಳು ಬಂದರೆ ಸುದ್ದಿ. ಆಳು ಬಂದು ಅಂಗಳದ ಆಚೆ ಬಿಸಿಲಿನಲ್ಲಿ ನಿಂತು, ತಲೆಯ ಟವಲು ತೆಗೆದು ಕಂಕುಳಿಗೆ ಸಿಕ್ಕಿಸಿ, “ಬುದ್ಧೀ, ದೊಡ್ಡೋರು ಸಿವನ್ ಪಾದ ಸೇರ್ಕಂಡವ್ರೆ, ದಯಮಾಡ್ಸಬೇಕು” ಎನ್ನಬೇಕು. ಆಮೇಲೆಯೇ ಆ ಮನೆಯವರು ಅಳುವುದು. ಅದಕ್ಕೂ ಮೊದಲೇ ಹೊರಟರೆ ಕರೆಯದ ಸಾವಿಗೆ ಹೋದ ಹಾಗೆ, ಮರ್ಯಾದೆ ಹೋಯಿತು. ಅಷ್ಟು ದೊಡ್ಡ ಬಳಗದ ಮರ್ಯಾದೆ ನಮ್ಮಪ್ಪನ ಎರಡು ಕಾಲಿನ ಮೇಲೆ ನಿಂತಿತ್ತು ನೋಡಿ.

ಅದರಲ್ಲೊಂದು ಕಾಲು ಹೋದ ಸುಗ್ಗಿಯಲ್ಲಿ ಮುರಿಯಿತು. ಹೊನ್ನಯ್ಯನ ಗದ್ದೆಯಲ್ಲೇ. ಅಪ್ಪ ಕಬ್ಬಿನ ಹೊರೆ ಹೊತ್ತು ಲಾರಿಗೆ ಒರಗಿಸಿದ ಹಲಗೆ ಹತ್ತುತ್ತಿದ್ದ. ಹಲಗೆ ಜಾರಿತು. ಹೊರೆ ಅವನ ಮೊಣಕಾಲ ಮೇಲೇ ಬಿತ್ತು. ಬದುವಿನ ಮೇಲೆ ನಿಂತಿದ್ದ ಹೊನ್ನಯ್ಯ, “ನೋಡ್ಕಂಡ್ ಅತ್ತಬಾರ್ದೇನ್ಲಾ? ಒರೆಯೆಲ್ಲಾ ಬಿಚ್ಕತು” ಎಂದ. ಕಾಲಿನ ಮಾತೇ ಎತ್ತಲಿಲ್ಲ. ಅಂದಿನಿಂದ ಅಪ್ಪ ಜಗಲಿಯ ಮಂಚದ ಮೇಲಿದ್ದಾನೆ. ಅವ್ವ ಮಂಗಳಮ್ಮ ಮಾತ್ರ ಅದೇ ಗದ್ದೆಗೆ ಹೋಗಿ ಕಳೆ ಕೀಳುತ್ತಾಳೆ. ಹೋಗದಿದ್ದರೆ ಒಲೆ ಹತ್ತುವುದಿಲ್ಲ.

ನಾನು ಶೋಭಿತಾ. ಮಂಡ್ಯದಲ್ಲಿ ಎಂ.ಎ. ಓದುತ್ತಿದ್ದೇನೆ, ಇತಿಹಾಸ. ಕಾಲೇಜಿನ ಹೆಸರು ಹೇಳುವುದಿಲ್ಲ. ಹಳೆಯ ಶಾಸನ ಕೊಟ್ಟರೆ ಓದುತ್ತೇನೆ, ನನ್ನ ವಿಷಯದಲ್ಲಿ ಕ್ಲಾಸಿಗೇ ಮೊದಲು. ಜಂಬ ಅಂದುಕೊಳ್ಳಿ, ನನಗೇನೂ ಬೇಜಾರಿಲ್ಲ. ಆದರೆ ನಮಗೆಲ್ಲ ಬೇಸಿಕ್ ಇಂಗ್ಲಿಷ್ ಎಂದು ಒಂದು ಪೇಪರ್ ಇದೆ. ಯಾವ ವಿಷಯ ಓದುವವರೂ ಅದನ್ನು ಪಾಸಾಗಲೇಬೇಕು. ಆಗದಿದ್ದರೆ ಎಂ.ಎ. ಇಲ್ಲ. ಎಂ.ಎ. ಇಲ್ಲದಿದ್ದರೆ ಲೆಕ್ಚರರ್ ಕೆಲಸದ ಪರೀಕ್ಷೆಗೆ ಕೂರುವಂತಿಲ್ಲ. ಆ ಕೆಲಸ ಸಿಗದಿದ್ದರೆ ಅವ್ವನ ಪಕ್ಕದಲ್ಲಿ ನಾನೂ ಸೊಂಟ ಬಗ್ಗಿಸಿ ಕಳೆ ಕೀಳಬೇಕು. ಬರೆಯುವ ಪರೀಕ್ಷೆ ಹೇಗೋ ದಾಟಿದ್ದೆ. ಮಾತಾಡುವ ಪರೀಕ್ಷೆ ಉಳಿದಿತ್ತು. ಅದರ ಮಾರ್ಕ್ಸು ಇಂಗ್ಲಿಷಿನ ಸಂತೋಷ್ ಸರ್ ಕೈಯಲ್ಲಿ. ಸಂತೋಷ್ ಸರ್ ಅದೇ ಹೊನ್ನಯ್ಯನ ಹಿರಿಯ ಮಗ. ಊರಿನಲ್ಲಿ ಸಾಲದು ಎಂದು ಮಂಡ್ಯದಲ್ಲೂ ಆ ಮನೆಯೇ ನನ್ನ ಎದುರಿಗೆ ಬಂದು ಕುರ್ಚಿ ಹಾಕಿಕೊಂಡಿತ್ತು.

ಮೊದಲ ಕ್ಲಾಸಿನಲ್ಲಿ ಎಲ್ಲರೂ ಎದ್ದು ನಿಂತು ತಮ್ಮ ಪರಿಚಯ ಹೇಳಬೇಕಿತ್ತು. ಹೆಸರು, ಊರು, ಅಪ್ಪ ಏನು ಮಾಡುತ್ತಾರೆ. ನನ್ನ ಸರದಿ ಬಂತು. “ಮೈ ಫಾದರ್ ಈಸ್ ಎ ಫಾರ್ಮರ್” ಎಂದೆ. ನನಗಿಂತ ಮುಂಚೆ ಎದ್ದವರೆಲ್ಲ ಹಾಗೇ ಹೇಳಿದ್ದರು.

ಸರ್ ನಕ್ಕರು. “ಫಾರ್ಮರ್? ಎಷ್ಟು ಎಕರೆ ಇದೆಯಮ್ಮ ನಿಮ್ಮಪ್ಪಂಗೆ?”

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು.

“ಸುಳ್ಳು ಹೇಳಬಾರದು. ನೀನು ಮಹದೇವು ಮಗಳಲ್ವಾ? ಇವರಪ್ಪ ನಮ್ಮನೆ ಹಳೆಮಗ. ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ, ಯಾರಿಗಾದ್ರೂ ಗೊತ್ತಾ? ಗೊತ್ತಿಲ್ಲ. ನಾನು ಹೇಳಿಕೊಡ್ತೀನಿ. ಮೈ ಫಾದರ್ ಕ್ಯಾರೀಸ್ ಡೆತ್ ನ್ಯೂಸ್ ಫಾರ್ ಸಂತೋಷ್ ಸರ್ಸ್ ಫ್ಯಾಮಿಲಿ. ಹೇಳು.”

ಕ್ಲಾಸು ನಕ್ಕಿತು. ಹೇಳದೆ ಕೂರಲು ಬಿಡಲಿಲ್ಲ. ಹೇಳಿದೆ. ‘ಪಾದರ್’ ಅಂದೆ ಎಂದು ಮತ್ತೆ ಹೇಳಿಸಿದರು, ‘ಪ್ಯಾಮಿಲಿ’ ಅಂದೆ ಎಂದು ಮತ್ತೆ. ನಮ್ಮ ಕೇರಿಯ ನಾಲಿಗೆ ಅದು, ಅಷ್ಟು ಬೇಗ ತಿರುಗುವುದಿಲ್ಲ. ಅಪ್ಪನ ಅವಮಾನವನ್ನು ಶುದ್ಧ ಉಚ್ಚಾರಣೆಯಲ್ಲಿ ಹೇಳಿದ ಮೇಲೆಯೇ ನನ್ನನ್ನು ಕೂರಿಸಿದ್ದು.

ಆ ದಿನ ನನ್ನ ಜೊತೆ ಓದುವ ದೀಪಿಕ ಬಸ್ ಸ್ಟ್ಯಾಂಡಿನವರೆಗೆ ಬಂದಳು. ಮದ್ದೂರಿನವಳು, ನಮ್ಮವಳೇ. ನನ್ನ ಕಣ್ಣೀರು ನೋಡಿ ಬೈದಳು. “ಅಳ್ತಾ ಕೂತ್ಕಂಡ್ರೆ ಆ ನನ್ ಮಗಂಗೆ ಕುಸಿ ಆಯ್ತದೆ ಕಣೆ. ಬಾ, ಕಲ್ಯಮಾ. ಅವನ್ ನಾಲ್ಗೇನ ಅವನ್ ಬಾಯಿಗೇ ತುರುಕಮಾ.”

ಬಡವನ ಸಿಟ್ಟು ದವಡೆಗೆ ಮೂಲ ಅಂತಾರೆ. ನಾನು ಅದೇ ದವಡೆಗೆ ಇಂಗ್ಲಿಷ್ ಕಲಿಸಿದೆ. ಬಸ್ಸಿನಲ್ಲಿ, ಮನೆಯ ಬಚ್ಚಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮುಂದೆ. ರಜೆಯಲ್ಲಿ ಅವ್ವನ ಜೊತೆ ಕಳೆ ಕೀಳುತ್ತಾ, “ಐ ಪುಲ್. ಯು ಪುಲ್. ಹೀ ಸಿಟ್ಸ್” ಎನ್ನುತ್ತಿದ್ದೆ. “ಅದೇನಮ್ಮಿ ವಟವಟಾ ಅಂತ?” ಎಂದಳು ಅವ್ವ. ನಾನು ಕೀಳ್ತೀನಿ, ನೀನು ಕೀಳ್ತೀಯ, ಅವನು ಕೂತವ್ನೆ ಎಂದು ಅರ್ಥ ಹೇಳಿದೆ. ಅವ್ವ ಬದುವಿನ ಕಡೆ ಒಮ್ಮೆ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. “ಇಷ್ಟೇನಾ ಇಂಗ್ಲೀಸು? ಇದ್ನ ನಾವ್ ದಿನಾ ಆಡ್ತೀವಲ್ಲಾ!”

ಅಷ್ಟೆಲ್ಲ ಕಲಿತು ಹೋದ ವರ್ಷ ಪರೀಕ್ಷೆಗೆ ನಿಂತೆ. ಎಲ್ಲೂ ತಡವರಿಸಲಿಲ್ಲ. ಆದರೂ ಫೇಲ್. ಕೇಳಿದ್ದಕ್ಕೆ, “ಭಾಷೆ ಇದೆ, ವಿನಯ ಇಲ್ಲ” ಎಂದರು ಸಂತೋಷ್ ಸರ್. ನನಗಿಂತ ತೊದಲಿದವರೆಲ್ಲ ಪಾಸಾಗಿದ್ದರು. ವಿನಯ ಎಂಬುದು ಯಾವ ಪಾಠದಲ್ಲಿತ್ತೋ ನನಗೆ ಗೊತ್ತಿಲ್ಲ.

ಈ ವರ್ಷ ಮತ್ತೆ ಪರೀಕ್ಷೆ. ವಿಷಯವನ್ನು ಮೊದಲೇ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು: ಇನ್ನೊಬ್ಬರ ಮನೆಗೆ ಹೋಗಿ ಒಂದು ಸಂದೇಶ ತಲುಪಿಸುವುದು. ಆ ದಿನ ನಾನು ತಲೆ ಬಾಚಿ ಬಸ್ಸಿಗೆ ಹೊರಡುವ ಹೊತ್ತಿಗೆ ಹೊನ್ನಯ್ಯನ ತಮ್ಮ ಕೆಂಪರಾಜು ಕೇರಿಗೆ ಬಂದ. ಜಗಲಿಯಿಂದ ದೂರವೇ ನಿಂತು ಕೂಗಿದ.

“ಮಾದೇವಾ, ಅಣ್ಣ ಓಗ್ಬುಟ್ಟ ಕಣ್ಲಾ. ಆತಗೂರು, ಬಸರಾಳು, ದುದ್ದ, ಮೂರ್ ಕಡೀಕೂ ಸುದ್ದಿ ಮುಟ್ಟಬೇಕು. ಮದ್ಯಾನಕ್ಕೆ ಮಣ್ಣು.”

ಅಪ್ಪ ಮುರಿದ ಕಾಲು ತೋರಿಸಿದ. “ನಾನ್ ಎಂಗ್ ಓಗ್ಲಿ ಬುದ್ಧೀ?”

“ನೀನಲ್ದಿದ್ರೆ ನಿನ್ ಮನೇವ್ರು. ಆತಗೂರ್ ನಮ್ಮಕ್ಕನ್ ಮನೆ, ಬಸರಾಳು ಅತ್ಗೆ ತವರು, ದುದ್ದ ಬೀಗರ್ ಮನೆ. ಬ್ಯಾರೆ ವಂಸದೋನ್ ಓದ್ರೆ ಒಪ್ತಾರೇನ್ಲಾ? ಇವಳ್ನ ಕಳ್ಸು.” ಗದ್ದ ನನ್ನ ಕಡೆ ಎತ್ತಿದ.

“ಎಣ್ಣೈಕ್ಳು ಸಾವ್ ಸುದ್ದಿ ಒತ್ತದ್ದುಂಟಾ ಬುದ್ಧೀ?” ಎಂದಳು ಅವ್ವ. “ಅವಳ್ಗಿವತ್ತು ಪರೀಕ್ಸೆ ಅದೆ.”

“ಪರೀಕ್ಸೆ ಮಾಡೋನೇ ನಮ್ ಸಂತೋಸ ಕಣಮ್ಮಿ!” ಎಂದು ಕೆಂಪರಾಜು ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ನನ್ನ ಮುಂದೆ ಹಿಡಿದ.

ಸಂತೋಷ್ ಸರ್ ದನಿ ಒಡೆದಿತ್ತು. ಅಪ್ಪನನ್ನು ಕಳೆದುಕೊಂಡವರ ಮೇಲೆ ಕನಿಕರ ಬರಬೇಕು, ನನಗೂ ಬಂತು. ಒಂದು ಗಳಿಗೆ ಇತ್ತು.

“ಶೋಭಿತಾ, ನೀನೇ ಹೋಗಿ ಹೇಳಿ ಬಾ. ಬಸರಾಳಿನವರು ಬರದೆ ಅಮ್ಮನಿಗೆ ತವರಿನ ಸೀರೆ ಹೊದಿಸೋ ಹಾಗಿಲ್ಲ. ಸೀರೆ ಹೊದಿಸದೆ ಹೆಣ ಎತ್ತೋ ಹಾಗಿಲ್ಲ.”

“ಸರ್, ಇವತ್ತು ನನ್ನ ಪರೀಕ್ಷೆ.”

“ಕಾಲೇಜಿಗೆ ಹೋಗಬೇಡ, ನಾನೂ ಅಲ್ಲಿರಲ್ಲ. ಒಂದು ವಿಡಿಯೋ ಮಾಡಿ ಗ್ರೂಪಿಗೆ ಹಾಕು. ಜ್ವರ ಬಂದವರೆಲ್ಲ ಹಾಗೇ ಮಾಡ್ತಾರೆ. ಪಾಸ್ ಮಾಡ್ತೀನಿ.”

“ಖಂಡಿತ ಮಾಡ್ತೀರಾ ಸರ್?”

“ಸುದ್ದಿ ಮುಟ್ಟಿಸಿದ್ರೆ ಮಾಡ್ತೀನಿ. ಇಲ್ಲ ಅಂದ್ರೆ ನೀನು ಹೇಗೆ ಎಂ.ಎ. ಮುಗಿಸ್ತೀಯೋ ನಾನೂ ನೋಡ್ತೀನಿ.”

ಕನಿಕರ ಹೋಯಿತು. ಅವನಪ್ಪನ ಹೆಣ ಮನೆಯಲ್ಲಿ ಮಲಗಿದೆ, ಆಗಲೂ ನನ್ನ ಕತ್ತಿನ ಮೇಲಿನ ಕೈ ತೆಗೆಯಲಿಲ್ಲ ಪುಣ್ಯಾತ್ಮ! “ಹೋಗ್ತೀನಿ ಸರ್. ನೀವು ಹೇಳಿದ ಹಾಗೇ ಮಾಡ್ತೀನಿ” ಎಂದೆ.

ಅಪ್ಪ ನನ್ನ ಮುಖ ನೋಡಲಿಲ್ಲ. ಗೋಡೆಗೆ ತಿರುಗಿಕೊಂಡ. ಹೆಂಗೆ ನಿಲ್ಲಬೇಕು, ಏನು ಹೇಳಬೇಕು ಎಂದು ಗೋಡೆಗೇ ಹೇಳುವವನ ಹಾಗೆ ಹೇಳಿದ. “ಅಂಗಳ ತುಳೀಬ್ಯಾಡ ಕಣವ್ವ. ಸತ್ತೋದ್ರು ಅನ್ಬ್ಯಾಡ. ತಲೆ ತಗ್ಗಿಸ್ಕಂಡಿರು.” ನಾನು ಹೂಂ ಎಂದೆ. ಹೊರಗೆ ಬಂದು ದೀಪಿಕಳಿಗೆ ಫೋನು ಮಾಡಿದೆ. ಅವಳ ಪರೀಕ್ಷೆ ಹಿಂದಿನ ದಿನವೇ ಮುಗಿದಿತ್ತು. ಅಣ್ಣನ ಸ್ಕೂಟಿ ಕಿತ್ತುಕೊಂಡು ಬಂದಳು.

ಆತಗೂರಿನ ಮನೆಯವರಿಗೆ ಬೆಳಗ್ಗೆಯೇ ಫೋನು ಬಂದಿತ್ತು. ಕಾರು ತೊಳೆದು ನಿಲ್ಲಿಸಿದ್ದರು, ಹಿಂದಿನ ಸೀಟಿನಲ್ಲಿ ಹೂವಿನ ಹಾರ. ಹೆಂಗಸರು ಸೀರೆ ಉಟ್ಟು ಸಿದ್ಧವಾಗಿದ್ದರು. ಸತ್ತವನ ಅಕ್ಕ ದೇವಿರಮ್ಮ ಹಜಾರದಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು. ಆಳು ಬಂದಿರಲಿಲ್ಲವಲ್ಲ, ಅದಕ್ಕೇ ಅಳು ಇನ್ನೂ ಶುರುವಾಗಿರಲಿಲ್ಲ.

ನಾನು ಅಂಗಳ ದಾಟಿದೆ. ಯಾರ ಮನೆಗೆ ಹೋದರೂ ಮಾಡುವ ಹಾಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಒಳಗೆ ಹೋಗಿ ದೇವಿರಮ್ಮನ ಎದುರಿನ ಕುರ್ಚಿಯ ಮೇಲೆ ಕೂತೆ. ದೀಪಿಕ ಬಾಗಿಲಲ್ಲಿ ನಿಂತು ಫೋನು ಎತ್ತಿ ಹಿಡಿದಳು.

“ಗುಡ್ ಮಾರ್ನಿಂಗ್ ಮೇಡಂ. ಐ ಆ್ಯಮ್ ಶೋಭಿತಾ, ಎಂ.ಎ. ಸ್ಟೂಡೆಂಟ್. ಐ ಹ್ಯಾವ್ ಎ ಮೆಸೇಜ್ ಫಾರ್ ಯು. ಮಿಸ್ಟರ್ ಹೊನ್ನಯ್ಯ ಈಸ್ ಡೆಡ್.”

ದೇವಿರಮ್ಮನ ಲೋಟ ಬಾಯಿಯ ಹತ್ತಿರವೇ ನಿಂತಿತು. “ಯಾರೇ ನೀನು? ಏನಂದೆ?”

ಕಾನ್ವೆಂಟಿಗೆ ಹೋಗುವ ಮೊಮ್ಮಗಳು ನಯನ ಅರ್ಥ ಹೇಳಿದಳು. “ಅಜ್ಜೀ, ಹೊನ್ನಯ್ಯ ತಾತ ಡೆಡ್ಡಂತೆ.”

“ಅದ್ ಗೊತ್ತು ಕಣೆ. ಇವಳ್ಯಾರು ಕುರ್ಚಿ ಮ್ಯಾಲ್ ಕೂತಿರೋಳು?”

ನಾನು ಇಂಗ್ಲಿಷಿನಲ್ಲೇ ಮುಂದುವರಿಸಿದೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ನನ್ನ ತಂದೆ ಮಹದೇವು. ಅವರು ನಿಮ್ಮ ಅಂಗಳದ ಆಚೆ ನಿಲ್ಲುತ್ತಿದ್ದರು. ನಿಮ್ಮ ತಮ್ಮನ ಗದ್ದೆಯಲ್ಲಿ ಅವರ ಕಾಲು ಮುರಿಯಿತು. ಸತ್ತವರ ಮಗ ಸಂತೋಷ್ ನನ್ನ ಇಂಗ್ಲಿಷ್ ಮೇಷ್ಟ್ರು. ಈ ಸುದ್ದಿ ತಂದರೆ ಪಾಸ್ ಮಾಡುತ್ತಾರೆ, ತರದಿದ್ದರೆ ಫೇಲ್ ಮಾಡುತ್ತಾರೆ. ನಾನು ತಂದಿದ್ದೇನೆ. ಇದು ನನ್ನ ಪರೀಕ್ಷೆ. ಥ್ಯಾಂಕ್ ಯು.

ಎಲ್ಲ ಸಣ್ಣ ವಾಕ್ಯಗಳು. ಬೇಸಿಕ್ ಇಂಗ್ಲಿಷ್. ಅದಕ್ಕಿಂತ ಹೆಚ್ಚು ಬೇಕಾಗಲಿಲ್ಲ.

ಅಷ್ಟರಲ್ಲಿ ಯಾರೋ, “ಅಯ್ಯೋ, ಇವಳು ಮಾದೇವುನ್ ಮಗಳು ಕಣವ್ವೋ!” ಎಂದು ಕೂಗಿದರು. ಮನೆಯೇ ಎದ್ದು ನಿಂತಿತು. ದೇವಿರಮ್ಮನ ಮಗ, “ಎದ್ದೇಳೇ ಮ್ಯಾಕೆ!” ಎಂದು ಕುರ್ಚಿಗೆ ಒದ್ದ. ನಾನು ಮಾತು ಮುಗಿಸಿಯೇ ಎದ್ದದ್ದು. ದೇವಿರಮ್ಮ ಎದೆ ಬಡಿದುಕೊಂಡಳು. “ತಮ್ಮನ್ ಸಾವ್ನ ಕುರ್ಚಿ ಮ್ಯಾಲ್ ಕೂತ್ಕಂಡು ಇಂಗ್ಲೀಸ್ನಾಗ್ ಯೋಳ್ತಾರಾ? ಇದು ಸುದ್ದಿನಾ? ಕಾರ್ ಒಳೀಕ್ ಬುಡ್ಲಾ. ಸರ್ಯಾಗಿ ಯೋಳೋಗಂಟ ಯಾರೂ ಓಗ್ಬ್ಯಾಡಿ.” ಕರುಳು ಹಂಚಿಕೊಂಡ ತಮ್ಮ ಸತ್ತಿದ್ದಾನೆ, ಅವಳ ಕಣ್ಣು ನೋಡಿದ್ದು ಕುರ್ಚಿಯನ್ನು. ನನಗೆ ನಗು ಬಂತು. ನಕ್ಕೆ ಕೂಡ.

ಬಸರಾಳಿಗೆ ನಾವು ಮುಟ್ಟುವ ಮೊದಲೇ ಆತಗೂರಿನ ಫೋನು ಮುಟ್ಟಿತ್ತು. ಸತ್ತವನ ಹೆಂಡತಿಯ ಅಣ್ಣ ಸಿದ್ದರಾಜು ಜಗಲಿಯ ಮೇಲೆ ಕಾದು ಕೂತಿದ್ದ. ಅವನ ಪಕ್ಕದಲ್ಲೇ ಕವರಿನಲ್ಲಿ ತವರಿನ ಸೀರೆ.

“ಅಲ್ಲೇ ನಿಂತ್ಕಳೆ! ಅಲ್ ಕುರ್ಚಿ ಮ್ಯಾಲ್ ಕೂತಿದ್ಯಂತೆ. ಇಲ್ಲೂ ಕೂತ್ಕ, ನೋಡ್ಮಾ.”

ಭಯವಾಗಿತ್ತು. ಸುಳ್ಳೇಕೆ ಹೇಳಲಿ. ಅಪ್ಪ ಈ ಅಂಗಳದ ಆಚೆಯ ಬೇವಿನ ಗಿಡದ ಕೆಳಗೆ ಎಷ್ಟು ಸಲ ನಿಂತಿದ್ದನೋ. ಒಂದು ಲೋಟ ನೀರು ಕೇಳಿದರೆ ಬೊಗಸೆಗೆ ಹುಯ್ಯುತ್ತಾರೆ ಎಂದು ಅವನೇ ಹೇಳಿದ್ದ. ನಾನು ನಡೆದು ಹೋಗಿ ಜಗಲಿಯ ಮೇಲೆ ಕೂತೆ. “ಗುಡ್ ಮಾರ್ನಿಂಗ್ ಸರ್” ಎಂದೆ.

ಅವನು ನನ್ನ ರಟ್ಟೆ ಹಿಡಿದು ಎಳೆದು ಅಂಗಳಕ್ಕೆ ತಳ್ಳಿದ. ಚಪ್ಪಡಿ ಕಲ್ಲಿನ ಮೇಲೆ ಮೊಣಕೈ ಊರಿ ಬಿದ್ದೆ. ಚರ್ಮ ಸುಲಿದು ರಕ್ತ ಬಂತು. ದೀಪಿಕ ಫೋನು ಇಳಿಸಲಿಲ್ಲ. “ಅದ್ನೂ ಕಿತ್ಕಂಡ್ ಒಡ್ದಾಕ್ತೀನಿ!” ಎಂದು ಸಿದ್ದರಾಜು ಅವಳ ಕಡೆ ನುಗ್ಗಿದ. “ಬಾ, ಒಡಿ ಬಾ. ಪೋಲೀಸ್ ಸ್ಟೇಸನ್ಗೂ ಇದೇ ಪಿಚ್ಚರ್ ತೋರುಸ್ತೀನಿ” ಎಂದಳು ದೀಪಿಕ. ಅವನು ನಿಂತ.

ನಾನು ಎದ್ದೆ. ಅಂಗಳದ ನಡುವೆ ನಿಂತು ಪೂರ್ತಿ ಸಂದೇಶ ಹೇಳಿದೆ, ಒಂದು ವಾಕ್ಯವನ್ನೂ ಬಿಡದೆ. ಕೊನೆಗೆ ಎರಡು ವಾಕ್ಯ ಸೇರಿಸಿದೆ. ನೀವು ನನ್ನನ್ನು ತಳ್ಳಿದಿರಿ. ನಾನು ಎದ್ದೆ.

“ಲೇ, ಓಗಿ ಯೋಳು ನಿಮ್ ಗೌಡ್ರಿಗೆ” ಎಂದು ಸಿದ್ದರಾಜು ಕಿರುಚಿದ. “ಸರ್ಯಾದ್ ಆಳ್ ಬರ್ಲಿ. ಇಲ್ಲಾ ಅವನ್ ಮಗ್ನೇ ಬಂದು ಈ ಅಂಗಳ್ದಾಗೆ ನಿಂತ್ಕಂಡು ಯೋಳ್ಲಿ. ಅಲ್ಲೀಗಂಟ ಈ ಮನೆಯಿಂದ ಸೀರೆ ಓಗಾಕಿಲ್ಲ.”

ದುದ್ದಕ್ಕೆ ನಾವು ಹೋಗಲಿಲ್ಲ. ಪರೀಕ್ಷೆಗೆ ಇಷ್ಟು ಸಾಕಿತ್ತು. ಊರಾಚೆಯ ಟೀ ಅಂಗಡಿ ಹತ್ತಿರ ಸ್ಕೂಟಿ ನಿಲ್ಲಿಸಿ, ವಿಡಿಯೋಗಳನ್ನು ಗ್ರೂಪಿಗೆ ಹಾಕಲು ಫೋನು ತೆಗೆದೆ. ಆ ಗ್ರೂಪಿನಲ್ಲಿ ಕ್ಲಾಸಿನವರಷ್ಟೇ ಅಲ್ಲ, ಬೇರೆ ಮೇಷ್ಟ್ರುಗಳಿದ್ದರು, ನಮ್ಮ ಇತಿಹಾಸ ವಿಭಾಗದ ಮುಖ್ಯಸ್ಥೆ ಕವಿತ ಮೇಡಂ ಇದ್ದರು. ಹಾಕು ಎಂದವನು ಅದನ್ನು ಮರೆತಿದ್ದ. ನನ್ನಂಥವಳು ತಲೆ ತಗ್ಗಿಸಿ ಸುದ್ದಿ ಮುಟ್ಟಿಸಿ, ಆಮೇಲೆ ಮನೆಯ ಮೂಲೆಯಲ್ಲಿ ನಿಂತು ಯಾವುದೋ ಬಾಯಿಪಾಠ ಒಪ್ಪಿಸಿ ಹಾಕುತ್ತಾಳೆ ಎಂದುಕೊಂಡಿದ್ದ.

“ಆಕಿದ್ ಮ್ಯಾಲೆ ಅವನು ನಿನ್ನ ಪಾಸ್ ಮಾಡಾಕಿಲ್ಲ ಕಣೆ” ಎಂದಳು ದೀಪಿಕ. “ವಸಿ ಯೋಚ್ನೆ ಮಾಡು. ಇಲ್ಲಿಗೇ ಬುಟ್ರೆ ಸುದ್ದಿ ಮುಟ್ಟಿಸ್ದೆ ಅಂತ ಪಾಸ್ ಮಾಡ್ಬೋದು.”

ಯೋಚಿಸಿದೆ. ಪಾಸಾಗುವ ಆಸೆ ನನಗಿರಲಿಲ್ಲವೇ? ಎಷ್ಟು ಬೆಳಗ್ಗೆ ಆ ಆಸೆಯನ್ನೇ ತಿಂದು ಬಸ್ಸು ಹತ್ತಿದ್ದೇನೆ. ಲೆಕ್ಚರರ್ ಆಗಿ, ಅವ್ವನ ಕೈಯಿಂದ ಕುಡುಗೋಲು ಕಿತ್ತು ಎಸೆಯಬೇಕು ಎಂದು ಎಷ್ಟು ಸಲ ಅಂದುಕೊಂಡಿದ್ದೇನೆ. ಬೆರಳು ಫೋನಿನ ಮೇಲೆ ನಿಂತೇ ಇತ್ತು. ಮೊಣಕೈಯಿಂದ ರಕ್ತ ಇಳಿದು ಅಂಗೈಗೆ ಬಂದಿತ್ತು. ಒತ್ತಿಬಿಟ್ಟೆ.

ಕೇರಿಗೆ ಬರುವ ಹೊತ್ತಿಗೆ ಫೋನು ಬಿಸಿಯಾಗಿತ್ತು. ಮೊದಲು ಕ್ಲಾಸಿನವರು, ಆಮೇಲೆ ಬೇರೆ ಕ್ಲಾಸಿನವರು, ಆಮೇಲೆ ಗೊತ್ತೇ ಇಲ್ಲದವರು. ಮೊದಲ ದಿನ ನಕ್ಕಿದ್ದವರಲ್ಲಿ ಒಬ್ಬಳು, ‘ಆವತ್ತು ನಗಬಾರದಿತ್ತು ಕಣೆ’ ಎಂದು ಕಳಿಸಿದ್ದಳು. ನಾನು ಉತ್ತರ ಕೊಡಲಿಲ್ಲ. ಕವಿತ ಮೇಡಂ ಫೋನು ಮಾಡಿದರು. ಅವರ ಪ್ರಶ್ನೆಗೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ. “ಈ ವಿಷಯ ಕಾಲೇಜಿನ ಸಮಿತಿ ಮುಂದೆ ಹೋಗುತ್ತೆ. ಆದರೆ ಮಾರ್ಕ್ಸು ಅವರೇ ಕೊಡಬೇಕು, ನಾನು ಕೊಡೋಕಾಗಲ್ಲ. ಧೈರ್ಯವಾಗಿರು” ಎಂದರು. ಆ ಸಮಿತಿಯಲ್ಲಿ ಯಾರ ಅಳಿಯ, ಯಾರ ಭಾವ ಇದ್ದಾರೆ ಎಂದು ನನಗೆ ಗೊತ್ತಿತ್ತು. ಹೂಂ ಮೇಡಂ ಎಂದೆ.

ಮಧ್ಯಾಹ್ನ ಜಾರಿತು. ಹೊನ್ನಯ್ಯನ ಹೆಣ ಅಂಗಳದಲ್ಲಿ ಹಾಗೇ ಇತ್ತು. ಆತಗೂರಿನವರು ಬರಲಿಲ್ಲ. ಬಸರಾಳಿನ ಸೀರೆ ಬರಲಿಲ್ಲ. ಬೇರೆ ವಂಶದವನು ಬೇಡ ಎಂದಿದ್ದ ಕೆಂಪರಾಜುವೇ ಈಗ ಕೇರಿಯಲ್ಲಿ ಮನೆ ಮನೆ ಸುತ್ತಿದ. ಅಷ್ಟರಲ್ಲಿ ವಿಡಿಯೋ ಎಲ್ಲರೂ ನೋಡಿಯಾಗಿತ್ತು. ಒಬ್ಬನಿಗೆ ಸೊಂಟ ನೋವು, ಇನ್ನೊಬ್ಬನಿಗೆ ಭೇದಿ. ಪಕ್ಕದ ಮನೆಯ ಶಿವರಾಜು, “ಆಟೋ ಕೆಟ್ಟೋಗದೆ ಬುದ್ಧೀ” ಎಂದ. ಅವನ ಆಟೋ ಅವನ ಬೆನ್ನ ಹಿಂದೆಯೇ ಗುರುಗುಟ್ಟುತ್ತಾ ನಿಂತಿತ್ತು.

ಕೊನೆಗೆ ಸಂತೋಷ್ ಸರ್ ಕಾರು ಕೇರಿಯ ಬಾಯಿಗೆ ಬಂದು ನಿಂತಿತು. ಹಾರ್ನ್ ಹೊಡೆದರು. ನಾನು ಹೋಗಲಿಲ್ಲ. ಕೆಂಪರಾಜು ಬಂದು, “ಕರೀತಾವ್ನೆ, ಬಾರೇ” ಎಂದ. “ಕೆಲಸ ಇರೋರು ಮನೆಗೆ ಬರ್ಲಿ” ಎಂದೆ. ಬಂದರು. ನಾನು ಹುಟ್ಟಿದ ಮೇಲೆ ಮೊದಲ ಸಲ ಆ ಮನೆಯವನೊಬ್ಬ ನಮ್ಮ ಅಂಗಳಕ್ಕೆ ಕಾಲಿಟ್ಟದ್ದು. ನಾನು ಜಗಲಿಯ ಮೇಲೆ ಕೂತೇ ಇದ್ದೆ. ಕೂರಿ ಎನ್ನಲಿಲ್ಲ. ಬಿಸಿಲು ಅವರ ನೆತ್ತಿಗೆ ಹೊಡೆಯುತ್ತಿತ್ತು. ಹೊಡೆಯಲಿ ಎಂದು ಬಿಟ್ಟೆ.

“ಡಿಲೀಟ್ ಮಾಡು.”

“ನೀವೇ ಹಾಕು ಅಂದ್ರಿ ಸರ್.”

“ನಾಟಕ ಆಡಬೇಡ. ಡಿಲೀಟ್ ಮಾಡಿ, ತಪ್ಪಾಯ್ತು ಅಂತ ಒಂದು ವಿಡಿಯೋ ಹಾಕು. ಪೂರ್ತಿ ಮಾರ್ಕ್ಸ್ ಕೊಡ್ತೀನಿ.”

“ಬೇಡ.”

“ಫೇಲ್ ಮಾಡ್ತೀನಿ.”

“ಮಾಡಿ.”

“ಒಂದು ವರ್ಷ ಹಾಳಾಗುತ್ತೆ ನಿಂದು!”

“ನಮ್ಮಪ್ಪಂದು ಆಯುಸ್ಸೇ ಹಾಳಾಗಿದೆ. ಒಂದು ವರ್ಷ ಏನ್ ಲೆಕ್ಕ? ಮುಂದಿನ ವರ್ಷ ಮತ್ತೆ ಬಂದು ನಿಮ್ಮ ಮುಂದೇನೇ ನಿಂತ್ಕೋತೀನಿ. ಆಗಲೂ ಇದನ್ನೇ ಹೇಳ್ತೀನಿ. ಫೇಲ್ ಮಾಡಿ. ಅದರ ಮುಂದಿನ ವರ್ಷವೂ ಬರ್ತೀನಿ.”

ಕೆಂಪರಾಜು ಮುಂದೆ ನುಗ್ಗಿದ. “ನಾಳಿಂದ ಈ ಕೇರಿಯೋರು ಗದ್ದೆ ಕಡೀಕ್ ಬಂದ್ರೆ ಕಾಲ್ ಮುರೀತೀನಿ!”

ಅವ್ವ ಒಳಗಿನಿಂದ ಬಂದಳು. ಅವಳು ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಬೆಳಗ್ಗೆಯಿಂದ ಅತ್ತು ಅವಳ ಮುಖ ಊದಿತ್ತು. “ಒಂದ್ ಕಾಲ್ ಮುರ್ದಾಗದೆ, ಇನ್ನೆಷ್ಟ್ ಮುರೀತೀರಿ?” ಎಂದಳು. “ಬರಾಕಿಲ್ಲ ಬುಡಿ. ಕಳೇನೂ ನೀವೇ ಕಿತ್ಕಳಿ, ಕಬ್ಬೂ ನೀವೇ ಒತ್ಕಳಿ. ಗುಂಡೀನೂ ನೀವೇ ತೋಡ್ಕಳಿ.”

ಸಂತೋಷ್ ಸರ್ ಮುಖದ ಬೆವರು ಒರೆಸಿಕೊಂಡರು. ಇಂಗ್ಲಿಷೂ ಹೋಯಿತು, ಪೇಟೆಯ ಕನ್ನಡವೂ ಹೋಯಿತು. ಅವರ ಬಾಯಿಂದ ನಮ್ಮೂರ ಮಾತು ಬಿತ್ತು. “ಅಪ್ಪ ಸತ್ತೋಗವ್ನೆ ಕಣಮ್ಮಿ. ಎಣ ಬಿಸ್ಲಾಗದೆ.”

“ಅದನ್ನ ನಿಮ್ಮ ನೆಂಟರ ಮನೆಗೆ ಹೋಗಿ ಹೇಳಿ ಸರ್” ಎಂದೆ. “ನಮಗೆ ಗೊತ್ತು.”

ಅವರು ಸುತ್ತ ನೋಡಿದರು. ಕೇರಿಯೆಲ್ಲ ಬಾಗಿಲುಗಳಲ್ಲಿ ನಿಂತಿತ್ತು. ಯಾರೂ ಕದಲಲಿಲ್ಲ. ಕೆಂಪರಾಜು ಅವರ ಕಿವಿಯಲ್ಲಿ, ಬೇರೆ ದಾರಿಯಿಲ್ಲ, ಕತ್ತಲಾಗುವ ಮೊದಲು ಮಣ್ಣಾಗಬೇಕು, ನೀನೇ ಹೋಗು ಎಂದ. ಎಲ್ಲರಿಗೂ ಕೇಳುವಂತೆಯೇ ಹೇಳಿದ. ಸಂತೋಷ್ ಸರ್ ಕಾರಿನ ಕಡೆ ತಿರುಗಿದರು.

ಆಗ ಅಪ್ಪ ಮಂಚದ ಮೇಲೆ ಎದ್ದು ಕೂತ. ಅಲ್ಲಿಯವರೆಗೆ ಅವನು ನನ್ನ ಸುಲಿದ ಮೊಣಕೈಯನ್ನೇ ನೋಡುತ್ತಿದ್ದ. ಎಲ್ಲಿ ಬುದ್ಧೀ ಎಂದು ಕೂಗಿ ಕಾಲು ಹಿಡಿಯುತ್ತಾನೋ ಎಂದು ಹೆದರಿದೆ.

“ಮೇಷ್ಟ್ರೇ” ಎಂದ ಅಪ್ಪ. “ವಸಿ ನಿಂತ್ಕಳಿ.”

ಸಂತೋಷ್ ಸರ್ ನಿಂತರು.

“ದುದ್ದದೋರ್ ಮನೇಲಿ ನಾಯಿ ಕಟ್ಟಾಕಲ್ಲ. ನಂಗೆ ಕಚ್ಚದೆ ಅದು. ಬೇಲಿ ಆಚೆನೇ ನಿಂತ್ಕಂಡ್ ಕೂಗಿ. ಒಳೀಕ್ ಬಾ ಅನ್ನೋಗಂಟ ಒಳೀಕ್ ಓಗ್ಬ್ಯಾಡಿ.” ಅಪ್ಪ ಮುರಿದ ಕಾಲನ್ನು ಮಂಚದ ಮೇಲೆ ಸರಿಸಿಕೊಂಡ. “ಅವ್ರು ಅನ್ನಾಕಿಲ್ಲ. ಅದ್ನೂ ತಿಳ್ಕಂಡ್ ಓಗಿ.”